ಊತ ಇಳಿದ ಮೇಲಿನ ಮಾತ್ರೆ

ಕಟ್ಟೆಮಳಲವಾಡಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು ತಂಬಾಕು ಹರಾಜು ಮಾರುಕಟ್ಟೆಯಿಂದ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಮಳೆಗಾಲದ ನಡುವೆ ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾದರೆ ಮುಂದಿನ ಕೆಲವು ತಿಂಗಳು ಮನೆಮಂದಿಯ ಕೈಗೆ ಬಿಡುವಿಲ್ಲ. ಎಲೆ ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಶಾಖ ಕೊಟ್ಟು ಹದ ಮಾಡುವ ಬ್ಯಾರನ್‌ಗೆ ಏರಿಸಬೇಕು, ಹದಗೊಂಡ ಎಲೆಯನ್ನು ಬಣ್ಣ ನೋಡಿ ವಿಂಗಡಿಸಬೇಕು. ಎಲ್ಲವೂ ಬೆರಳಿನ ಕೆಲಸ, ಅದರಲ್ಲಿ ದೊಡ್ಡ ಪಾಲು ಹೆಂಗಸರದು. ಹೀಗೆ ದುಡಿಯುವ ಕೈಯ ಬೆರಳುಗಳು ಒಂದು ದಿನ ಬೆಳಿಗ್ಗೆ ಮಡಚಲು ಬಾರದಂತಾದರೆ, ಗೆಣ್ಣುಗಳು ಊದಿಕೊಂಡು ಚೊಂಬು ಹಿಡಿಯುವುದೂ ಕಷ್ಟವಾದರೆ, ಮನೆಯವರು ಮೊದಲು ಹೇಳುವುದು 'ಕೆಲಸ ಜಾಸ್ತಿಯಾಯ್ತು, ವಾಯು ಹಿಡ್ಕೊಂಡಿದೆ' ಎಂದು. ಎಷ್ಟೋ ಸಲ ಅದು ನಿಜವೂ ಇರುತ್ತದೆ. ಆದರೆ ಕೆಲವರಲ್ಲಿ ಅದು ರುಮಟಾಯ್ಡ್ ಸಂಧಿವಾತದ ಆರಂಭ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ, ಅದೂ ಸಂಸಾರದ ಭಾರ ಹೊತ್ತ ಮೂವತ್ತರಿಂದ ಐವತ್ತರ ನಡುವಿನ ವಯಸ್ಸಿನಲ್ಲಿ ಹೆಚ್ಚಾಗಿ ಕಾಣಿಸುವ ರೋಗ ಇದು.

ಈ ರೋಗಕ್ಕೆ ಇಂದು ಒಳ್ಳೆಯ ಔಷಧಿಗಳಿವೆ. ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ಹಲವರಿಗೆ ಊತ ಪೂರ್ತಿ ಇಳಿಯುತ್ತದೆ, ಕೈ ಮೊದಲಿನಂತೆ ಆಡುತ್ತದೆ. ವೈದ್ಯರು ಇದನ್ನು ರೆಮಿಶನ್ ಎನ್ನುತ್ತಾರೆ, ಅಂದರೆ ರೋಗ ಅಡಗಿರುವ ಸ್ಥಿತಿ. ಸಾಮಾನ್ಯವಾಗಿ ತೊಡಕು ಶುರುವಾಗುವುದೂ ಅಲ್ಲಿಂದಲೇ. 'ನೋವೆಲ್ಲ ಹೋಯ್ತಲ್ಲ ಡಾಕ್ಟ್ರೇ, ಇನ್ನೂ ಯಾಕೆ ಮಾತ್ರೆ?' ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ತೀರ ನ್ಯಾಯವಾದದ್ದು. ಅದಕ್ಕೆ 'ಹೇಳಿದಷ್ಟು ಕೇಳಮ್ಮಾ' ಎಂಬ ಗದರಿಕೆ ಉತ್ತರವಲ್ಲ. ಉತ್ತರ ಬೇಕಾದರೆ ಈ ರೋಗ ಕೀಲಿನೊಳಗೆ ಏನು ಮಾಡುತ್ತದೆ, ಔಷಧಿ ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲಿಗೆ, ಎಲ್ಲ ಕೀಲುನೋವೂ ಒಂದೇ ಅಲ್ಲ. ವಯಸ್ಸಾದಂತೆ ಬರುವ ಮಂಡಿನೋವು ಹೆಚ್ಚಾಗಿ ಸವೆತದ್ದು. ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿ ಸವೆಯುತ್ತದೆ, ನಡೆದರೆ ನೋವು, ಕೂತರೆ ಆರಾಮ. ರುಮಟಾಯ್ಡ್ ಸಂಧಿವಾತದ ಲಕ್ಷಣ ಇದಕ್ಕೆ ತಿರುಗುಮುರುಗು. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕೀಲು ಬೆಳಿಗ್ಗೆ ಹೆಚ್ಚು ಬಿಗಿದಿರುತ್ತದೆ. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಬಿಡಿಸಿಕೊಳ್ಳುವುದಿಲ್ಲ. ಬೆರಳಿನ ಬುಡದ ಮತ್ತು ನಡುವಿನ ಗೆಣ್ಣುಗಳು, ಮಣಿಕಟ್ಟು, ಪಾದದ ಮುಂಭಾಗದ ಸಣ್ಣ ಕೀಲುಗಳು, ಸಾಮಾನ್ಯವಾಗಿ ಎರಡೂ ಬದಿಯಲ್ಲಿ, ಊದಿಕೊಳ್ಳುತ್ತವೆ. ಜೊತೆಗೆ ಸುಸ್ತು, ಹಸಿವಿಲ್ಲದಿರುವುದು, ಕೆಲವೊಮ್ಮೆ ಸಣ್ಣ ಜ್ವರ. ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ವಯಸ್ಕರಲ್ಲಿ ಈ ರೋಗದ ಪ್ರಮಾಣ ಶೇ 0.75 ಎಂದು ಲೆಕ್ಕ ಹಾಕಿತ್ತು. ಕೇಳಲು ಚಿಕ್ಕ ಸಂಖ್ಯೆ. ಆದರೆ ಅದೇ ಅಂದಾಜನ್ನು ನಾಲ್ಕೈದು ಸಾವಿರ ಜನರಿರುವ ಊರಿಗೆ ಹಚ್ಚಿ ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಮಂದಿಯಾಗುತ್ತಾರೆ. ಒಂದೊಂದು ಬೀದಿಗೆ ಒಬ್ಬರು ಎಂದಿಟ್ಟುಕೊಳ್ಳಿ.

ಪ್ರತಿ ಕೀಲಿನ ಒಳಗೆ ತೆಳುವಾದ ಒಂದು ಪೊರೆ ಇದೆ. ಕೀಲು ಸಲೀಸಾಗಿ ಆಡಲು ಬೇಕಾದ ಜಿಗುಟು ದ್ರವವನ್ನು ಒದಗಿಸುವುದು ಅದರ ಕೆಲಸ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ರೋಗಾಣುಗಳ ವಿರುದ್ಧ ಹೋರಾಡಬೇಕಾದದ್ದು. ಈ ರೋಗದಲ್ಲಿ ಅದು ದಾರಿ ತಪ್ಪಿ ಸ್ವಂತ ಪೊರೆಯ ಮೇಲೇ ತಿರುಗಿ ಬೀಳುತ್ತದೆ. ಅದರ ಜೀವಕೋಶಗಳು ಅಲ್ಲಿ ಸೇರಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುತ್ತವೆ. ಆ ಸಂದೇಶ ಕೇಳಿ ಇನ್ನಷ್ಟು ಜೀವಕೋಶಗಳು ಬರುತ್ತವೆ. ಪೊರೆ ದಪ್ಪವಾಗುತ್ತದೆ, ನೀರು ತುಂಬುತ್ತದೆ, ಕೀಲು ಬಿಸಿಯಾಗುತ್ತದೆ. ಇದೇ ಉರಿಯೂತ. ಹೀಗೆ ದಪ್ಪಗಾದ ಪೊರೆ ಸುಮ್ಮನಿರದೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯತೊಡಗುತ್ತದೆ. ರೋಗ ಶುರುವಾದ ಮೊದಲ ಎರಡು ವರ್ಷಗಳಲ್ಲೇ ಈ ಕೊರೆತ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವುದುಂಟು. ಊತವನ್ನು ಇಳಿಸಬಹುದು, ಕೊರೆದು ಹೋದ ಮೂಳೆಯನ್ನು ಮತ್ತೆ ಮೊದಲಿನಂತೆ ಬೆಳೆಸುವ ಔಷಧಿ ಇಲ್ಲ. ಮೊದಲ ಮೂರರಿಂದ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಲಿ ಎಂದು ವೈದ್ಯರು ಅವಸರ ಮಾಡುವುದು ಇದಕ್ಕೇ. ನೋವಿನ ಮಾತ್ರೆಗಳು ನೋವನ್ನೂ ಸ್ವಲ್ಪಮಟ್ಟಿಗೆ ಬಿಗಿತವನ್ನೂ ಕಡಿಮೆ ಮಾಡುತ್ತವೆ, ಕೊರೆತವನ್ನು ತಡೆಯುವುದಿಲ್ಲ. ನೋವು ಕಡಿಮೆಯಾಯಿತೆಂದು ಸಮಾಧಾನಪಟ್ಟುಕೊಂಡು ಕೂತ ಎರಡು ವರ್ಷದಲ್ಲಿ ಬೆರಳು ಓರೆಯಾಗುವುದು ಹೀಗೆ.

ನಿರೋಧಕ ವ್ಯವಸ್ಥೆ ಏಕೆ ದಾರಿ ತಪ್ಪುತ್ತದೆ? ವಂಶವಾಹಿಗಳ ಪಾತ್ರವಿದೆ. ಹೊರಗಿನ ಕಾರಣಗಳಲ್ಲಿ ಅತ್ಯಂತ ಗಟ್ಟಿಯಾಗಿ ಸಾಬೀತಾಗಿರುವುದು ಒಂದು, ಅದು ಧೂಮಪಾನ. ಹೊಗೆಯಿಂದ ಶ್ವಾಸಕೋಶದಲ್ಲಿರುವ ಕೆಲವು ಪ್ರೋಟೀನುಗಳ ರಚನೆ ಸ್ವಲ್ಪ ಬದಲಾಗುತ್ತದೆ. ಕೆಲವು ವಂಶವಾಹಿ ಹೊತ್ತವರ ದೇಹ ಆ ಬದಲಾದ ಪ್ರೋಟೀನುಗಳನ್ನು ಪರಕೀಯ ಎಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂಬ ವಿವರಣೆಯನ್ನು ಸ್ವೀಡನ್ನಿನ ಸಂಶೋಧಕರು 2006ರಲ್ಲಿ ಮುಂದಿಟ್ಟರು. ರಕ್ತಪರೀಕ್ಷೆಯ ಚೀಟಿಯಲ್ಲಿ 'ಆ್ಯಂಟಿ ಸಿಸಿಪಿ' ಎಂದು ಬರೆಯುವುದು ಈ ಪ್ರತಿಕಾಯವನ್ನೇ; ಕೀಲು ಊದುವ ಎಷ್ಟೋ ವರ್ಷ ಮೊದಲೇ ಅದು ರಕ್ತದಲ್ಲಿ ಇರಬಲ್ಲದು. ಸೇದುವವರಲ್ಲಿ ಔಷಧಿಯೂ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ನಾನು ಹೇಳುತ್ತಿರುವುದು ಸೇದುವ ಹೊಗೆಯ ವಿಷಯ, ಸೊಪ್ಪು ಮುಟ್ಟಿ ಕೆಲಸ ಮಾಡುವುದರಿಂದ ಈ ರೋಗ ಬರುತ್ತದೆ ಎಂದಲ್ಲ. ಆದರೂ ಈ ಎಲೆಯನ್ನೇ ಬೆಳೆದು ಬದುಕುವ ತಾಲ್ಲೂಕುಗಳಲ್ಲಿ ಬೀಡಿ ಸಿಗರೇಟಿನ ಮಾತು ಬಂದಾಗ ಶ್ವಾಸಕೋಶ, ಹೃದಯ, ಬಾಯಿಯ ಕ್ಯಾನ್ಸರ್‌ಗಳ ಹೆಸರು ಕೇಳುತ್ತೇವೆಯೇ ಹೊರತು ಕೀಲಿನ ಹೆಸರು ಕೇಳುವುದಿಲ್ಲ.

ಕರ್ನಾಟಕದ ಹಳ್ಳಿಗಳಲ್ಲಿ ಇನ್ನೊಂದು ಗೊಂದಲವಿದೆ. 2006ರಲ್ಲಿ ಚಿಕೂನ್‌ಗುನ್ಯ ದೇಶದಲ್ಲೆಲ್ಲ ಹರಡಿದಾಗ ಅತಿ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದದ್ದು ನಮ್ಮ ರಾಜ್ಯದಲ್ಲೇ. ಏಳು ಲಕ್ಷಕ್ಕೂ ಹೆಚ್ಚು. ಆ ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಕೈಕಾಲಿನ ಗೆಣ್ಣು ಹಿಡಿದುಕೊಂಡಿದ್ದನ್ನು ಅನುಭವಿಸಿದವರು ಮರೆತಿಲ್ಲ. ಅಂದಿನಿಂದ ಯಾವ ಗೆಣ್ಣು ಊದಿದರೂ 'ಚಿಕೂನ್‌ಗುನ್ಯದ್ದು ಇರಬೇಕು, ತಾನಾಗೇ ಹೋಗುತ್ತೆ' ಎಂಬ ಮಾತು ಚಾಲ್ತಿಗೆ ಬಂತು. ಬಹುಮಂದಿಯಲ್ಲಿ ಅದು ಹೋಗುತ್ತದೆ ನಿಜ. ಆದರೆ ಆರು ವಾರ ದಾಟಿದರೂ ಊತ ಇಳಿಯದಿದ್ದರೆ, ಬೆಳಗಿನ ಬಿಗಿತ ಬಿಡದಿದ್ದರೆ, ರಕ್ತಪರೀಕ್ಷೆ ಮಾಡಿಸಿ ನೋಡದೆ ಕಾಯುತ್ತಾ ಕೂರುವುದು ತಪ್ಪು.

ಔಷಧಿಯ ಕಥೆ ಶುರುವಾಗುವುದು ಒಂದು ಪವಾಡದಂಥ ಘಟನೆಯಿಂದ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಹಾಸಿಗೆ ಹಿಡಿದಿದ್ದ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡು ವರ್ಷದಲ್ಲಿ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಅಷ್ಟರಲ್ಲಿ ಪವಾಡದ ಇನ್ನೊಂದು ಮುಖವೂ ಕಾಣಿಸಿತ್ತು. ಔಷಧಿ ನಿಲ್ಲಿಸಿದರೆ ರೋಗ ಮರಳುತ್ತದೆ, ಮುಂದುವರಿಸಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಹತ್ತುತ್ತದೆ.

ನಾವು ಸ್ಟೀರಾಯ್ಡ್ ಎನ್ನುವುದು ಈ ಗುಂಪನ್ನೇ. ಇವತ್ತೂ ಇದಕ್ಕೆ ಒಂದು ಸ್ಥಾನವಿದೆ. ನಿಧಾನವಾಗಿ ಕೆಲಸ ಮಾಡುವ ಮುಖ್ಯ ಔಷಧಿ ಹಿಡಿಯುವವರೆಗೆ, ಎರಡು ಮೂರು ತಿಂಗಳ ಮಟ್ಟಿಗೆ, ಸಣ್ಣ ಪ್ರಮಾಣದಲ್ಲಿ ಕೊಟ್ಟು ಬೇಗ ಇಳಿಸುತ್ತಾ ನಿಲ್ಲಿಸುವುದು ಸರಿಯಾದ ಕ್ರಮ. ಆದರೆ ಊರೂರಿನಲ್ಲಿ ಸ್ಟೀರಾಯ್ಡ್ ಬೇರೆ ವೇಷದಲ್ಲೂ ಬರುತ್ತದೆ. ಚೀಟಿಯಿಲ್ಲದೆ ಕೊಡುವ 'ಪವರ್ ಇಂಜೆಕ್ಷನ್', ಹೆಸರಿಲ್ಲದ ಪೊಟ್ಟಣದ ಪುಡಿ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎರಡೇ ದಿನದಲ್ಲಿ ಕೈ ಆಡತೊಡಗಿದರೆ ಯಾರಿಗೆ ಬೇಡ? ಆ ಪುಡಿಯಿಂದ ಸುಖ ಸಿಕ್ಕವರನ್ನು ಮೂಢರೆಂದು ಜರೆಯುವುದು ಸುಲಭ. ಕೊಯ್ಲಿನ ಕಾಲದಲ್ಲಿ ಕೈ ಕೂತರೆ ಏನಾಗುತ್ತದೆ ಎಂದು ತಿಳಿದವರು ಹಾಗೆ ಜರೆಯಲಾರರು. ವರ್ಷಗಟ್ಟಲೆ ತಿಂದವರು ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ, ಏಕೆಂದರೆ ಅಷ್ಟರಲ್ಲಿ ದೇಹ ತನ್ನದೇ ಹಾರ್ಮೋನನ್ನು ತಯಾರಿಸುವುದನ್ನು ಕಡಿಮೆ ಮಾಡಿಬಿಟ್ಟಿರುತ್ತದೆ.

ಇಂದಿನ ಚಿಕಿತ್ಸೆಯ ಕಂಬ ಮೆಥೊಟ್ರೆಕ್ಸೇಟ್. ಇದರ ಹುಟ್ಟಿನಲ್ಲಿ ನಮ್ಮ ನೆರೆಯವರ ಕೈ ಇದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕಕ್ಕೆ ಹೋಗಿ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಂದಾಳಾಗಿದ್ದರು. ಫೋಲಿಕ್ ಆಮ್ಲ ಎಂಬ ವಿಟಮಿನ್ನಿನ ಕೆಲಸಕ್ಕೆ ಅಡ್ಡಿಪಡಿಸುವ ಅಮಿನೋಪ್ಟೆರಿನ್ ಮತ್ತು ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಅವರ ತಂಡದ ಕೊಡುಗೆ. 1948ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅಮಿನೋಪ್ಟೆರಿನ್ ಬಳಸಿದ ವರದಿ ಬಂತು. 1951ರಲ್ಲಿ ಅದನ್ನೇ ಸಂಧಿವಾತಕ್ಕೂ ಕೊಟ್ಟು ನೋಡಿದರು. ಆಗ ಲೋಕವೆಲ್ಲ ಕಾರ್ಟಿಸೋನಿನ ಗುಂಗಿನಲ್ಲಿತ್ತು, ಈ ಸುದ್ದಿ ಮೂಲೆಗೆ ಸರಿಯಿತು. 1985ರ ಹೊತ್ತಿಗೆ ಗಟ್ಟಿ ಪ್ರಯೋಗಗಳಾಗಿ, 1988ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಅನುಮತಿ ಸಿಕ್ಕಿತು. ಸುಬ್ಬರಾವ್ ಇದನ್ನು ನೋಡಲು ಇರಲಿಲ್ಲ, 1948ರಲ್ಲೇ ತೀರಿಕೊಂಡಿದ್ದರು.

'ಇದು ಕ್ಯಾನ್ಸರ್ ಮಾತ್ರೆಯಂತೆ' ಎಂಬ ಹೆದರಿಕೆ ಔಷಧಿ ಅಂಗಡಿಯಿಂದಲೋ ಮೊಬೈಲಿನಿಂದಲೋ ಮನೆಗೆ ಬರುತ್ತದೆ. ಕ್ಯಾನ್ಸರ್‌ಗೆ ಒಂದೇ ಸಲಕ್ಕೆ ನೂರಾರು, ಸಾವಿರಾರು ಮಿಲಿಗ್ರಾಂ ಕೊಡುವುದುಂಟು. ಸಂಧಿವಾತಕ್ಕೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಸಣ್ಣ ಪ್ರಮಾಣದಲ್ಲಿ ಅದು ಜೀವಕೋಶಗಳನ್ನು ಕೊಲ್ಲುವ ಬದಲು ಅಡೆನೊಸಿನ್ ಎಂಬ ನೈಸರ್ಗಿಕ ರಾಸಾಯನಿಕವನ್ನು ಹೆಚ್ಚಿಸಿ ಉರಿಯೂತವನ್ನು ತಣಿಸುತ್ತದೆ ಎಂಬುದು ಈಗಿನ ಮುಖ್ಯ ವಿವರಣೆ. ಪರಿಣಾಮ ಕಾಣಿಸಲು ಆರರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೆ 'ಏನೂ ಪ್ರಯೋಜನವಿಲ್ಲ' ಎಂದು ಬಿಟ್ಟವರು ಔಷಧಿಯನ್ನು ಪರೀಕ್ಷೆ ಮಾಡಿದಂತಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಇದರ ತೊಂದರೆ ತಗ್ಗಿಸಲೆಂದೇ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬೇರೆ ದಿನ ಕೊಡುತ್ತಾರೆ. ಕಷ್ಟವೇನೆಂದರೆ ಎರಡೂ ಹಳದಿ ಬಣ್ಣದ ಪುಟ್ಟ ಮಾತ್ರೆಗಳು, ಮೆಥೊಟ್ರೆಕ್ಸೇಟ್‌ನ ಕೆಲವು ಬ್ರ್ಯಾಂಡುಗಳ ಹೆಸರು ಶುರುವಾಗುವುದೂ 'ಫೋಲಿ' ಎಂದೇ. ಓದಲು ಬಾರದವರ ಮಾತು ಹಾಗಿರಲಿ, ಓದಿದವರೂ ಅದಲು ಬದಲು ಮಾಡಿಕೊಂಡಿದ್ದಾರೆ. ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದಷ್ಟೇ ಬರೆದರೆ ಸಾಲದು, 'ಭಾನುವಾರ ರಾತ್ರಿ ಮಾತ್ರ' ಎಂದು ಕನ್ನಡದಲ್ಲಿ ವಾರದ ಹೆಸರು ಬರೆದುಕೊಡಬೇಕು. ಭಾನುವಾರ ನೆನಪಿರುವುದಿಲ್ಲ ಎಂದರೆ ಸಂತೆಯ ದಿನವಾದರೂ ಆದೀತು. ಅದನ್ನು ಯಾರೂ ಮರೆಯುವುದಿಲ್ಲ.

ಮೊದಲ ಕೆಲವು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಕಣ, ಪಿತ್ತಜನಕಾಂಗ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಬೇಕು. ಹೆಂಡ ಸಾರಾಯಿ ಕುಡಿಯುವವರಿಗೆ ಪಿತ್ತಜನಕಾಂಗದ ಅಪಾಯ ಹೆಚ್ಚು. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಮೆಥೊಟ್ರೆಕ್ಸೇಟ್ ಮತ್ತು ಇದೇ ರೋಗಕ್ಕೆ ಕೊಡುವ ಲೆಫ್ಲುನೊಮೈಡ್ ಎರಡೂ ಗರ್ಭಕ್ಕೆ ಹಾನಿಕರ. ಅಂಥವರಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೀನ್ ಸುರಕ್ಷಿತ ಎಂದು ಒಪ್ಪಿಕೊಂಡಿರುವ ಔಷಧಿಗಳು. ಮೊದಲನೆಯದು ಮಲೇರಿಯಾ ಮಾತ್ರೆಯಾಗಿ ಬಂದದ್ದು, ದೀರ್ಘಕಾಲ ತೆಗೆದುಕೊಳ್ಳುವವರು ಕಣ್ಣಿನ ಪರೀಕ್ಷೆ ಮಾಡಿಸುತ್ತಿರಬೇಕು. ಎರಡನೆಯದನ್ನು ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಸಂಧಿವಾತಕ್ಕೆಂದೇ ರೂಪಿಸಿದ್ದು.

ಇವುಗಳಿಂದ ಸಾಲದಾದಾಗ ಬರುವುದು ಬಯಾಲಜಿಕ್ ಔಷಧಿಗಳು. ರಾಸಾಯನಿಕ ಮಾತ್ರೆಗಳಂತಲ್ಲದೆ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸುವ ಪ್ರೋಟೀನುಗಳಿವು. ಇವುಗಳಲ್ಲಿ ಹೆಚ್ಚಿನವು ಉರಿಯೂತದ ಒಂದೇ ಒಂದು ಸಂದೇಶವಾಹಕವನ್ನು ಗುರಿಯಿಟ್ಟು ಹಿಡಿದುಹಾಕುತ್ತವೆ. ಲಂಡನ್ನಿನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಟಿಎನ್‌ಎಫ್ ತಡೆಯುವ ಔಷಧಿಯನ್ನು ರೋಗಿಗಳ ಮೇಲೆ ಮೊದಲು ಪ್ರಯೋಗಿಸಿ ದಾರಿ ತೋರಿದರು. ನಮ್ಮ ದೇಶದಲ್ಲಿ ಈ ಔಷಧಿಗಳಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಟಿಎನ್‌ಎಫ್ ಎಂಬುದು ದೇಹದೊಳಗೆ ಮಲಗಿರುವ ಕ್ಷಯರೋಗಾಣುಗಳನ್ನು ಕಟ್ಟಿಹಾಕುವ ಕೆಲಸವನ್ನೂ ಮಾಡುತ್ತದೆ. ಅದನ್ನು ತಡೆದರೆ ಟಿಬಿ ಎಚ್ಚರಗೊಳ್ಳಬಹುದು. ಆದ್ದರಿಂದ ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ ಮೊದಲು, ಇಂಜೆಕ್ಷನ್ ಆಮೇಲೆ. ಟೊಫಾಸಿಟಿನಿಬ್‌ನಂಥ ಹೊಸ ಮಾತ್ರೆಗಳೂ ಬಂದಿವೆ. ದೇಶೀಯ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಇಳಿದಿದೆ. ವಯಸ್ಸಾದವರಲ್ಲಿ, ಸೇದುವವರಲ್ಲಿ, ಹೃದ್ರೋಗ ಇರುವವರಲ್ಲಿ ಈ ಮಾತ್ರೆಗಳನ್ನು ಯೋಚಿಸಿ ಕೊಡಬೇಕೆಂದು 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ.

ಈಗ ರೆಮಿಶನ್ನಿಗೆ ಬರೋಣ. 'ಪರವಾಗಿಲ್ಲ, ಆರಾಮಾಗಿದ್ದೀನಿ' ಎಂದು ರೋಗಿ ಹೇಳಿದರೆ ಅದು ರೆಮಿಶನ್ ಅಲ್ಲ. ಅದಕ್ಕೆ ಲೆಕ್ಕವಿದೆ. ವೈದ್ಯರು 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡೂ ಕೈಗಳ ಬೆರಳಿನ ಬುಡದ ಹತ್ತು ಗೆಣ್ಣು, ಮುಂದಿನ ಹತ್ತು ಗೆಣ್ಣು, ಎರಡು ಮಂಡಿ. ಎಷ್ಟರಲ್ಲಿ ಒತ್ತಿದರೆ ನೋವು, ಎಷ್ಟರಲ್ಲಿ ಊತ ಎಂದು ಎಣಿಸುತ್ತಾರೆ. ರೋಗ ಎಷ್ಟು ಕಾಡುತ್ತಿದೆ ಎಂಬುದಕ್ಕೆ ರೋಗಿ ಹತ್ತರಲ್ಲಿ ಒಂದು ಅಂಕ ಕೊಡುತ್ತಾರೆ, ವೈದ್ಯರೂ ಹತ್ತರಲ್ಲಿ ಒಂದು ಅಂಕ ಕೊಡುತ್ತಾರೆ. ನಾಲ್ಕನ್ನೂ ಕೂಡಿದರೆ ಬರುವುದೇ ಸಿಡಿಎಐ ಎಂಬ ಸೂಚ್ಯಂಕ. 22 ದಾಟಿದರೆ ರೋಗ ಜೋರಾಗಿದೆ, 10ರ ಒಳಗೆ ಬಂದರೆ ಹತೋಟಿಯಲ್ಲಿದೆ, 2.8 ಅಥವಾ ಅದಕ್ಕಿಂತ ಕಡಿಮೆಯಾದರೆ ರೆಮಿಶನ್. ಇದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆಯೂ ಬೇಡ. ಸಿಆರ್‌ಪಿ, ಇಎಸ್‌ಆರ್ ಎಂಬ ಉರಿಯೂತದ ರಕ್ತಪರೀಕ್ಷೆಗಳನ್ನು ಸೇರಿಸಿಕೊಳ್ಳುವ ಬೇರೆ ಸೂತ್ರಗಳೂ ಇವೆ. ಒಂದು ಕೊರತೆಯನ್ನು ಹೇಳಬೇಕು. ಈ 28ರಲ್ಲಿ ಪಾದದ ಕೀಲುಗಳು ಸೇರಿಲ್ಲ. ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯುವವರ ಊರಿನಲ್ಲಿ ಸೂಚ್ಯಂಕ ಎಷ್ಟೇ ಬರಲಿ, ವೈದ್ಯರು ಪಾದವನ್ನೂ ಮುಟ್ಟಿ ನೋಡುವುದು ಒಳ್ಳೆಯದು.

ಈ ಎಣಿಕೆಗೆ ಎಷ್ಟು ಬೆಲೆ ಎಂಬುದನ್ನು ತೋರಿಸಿಕೊಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಟಿಕೋರಾ ಎಂಬ ಅಧ್ಯಯನ. 110 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ, ಮೂರು ತಿಂಗಳಿಗೊಮ್ಮೆ ಭೇಟಿ. ಇನ್ನೊಂದು ಗುಂಪಿನವರು ತಿಂಗಳು ತಿಂಗಳು ಬರಬೇಕು. ಪ್ರತಿ ಸಲವೂ ಕೀಲು ಎಣಿಸಿ ಸೂಚ್ಯಂಕ ಹಾಕಬೇಕು. ಗುರಿ ಮುಟ್ಟದಿದ್ದರೆ ಅಲ್ಲೇ ಔಷಧಿ ಏರಿಸಬೇಕು ಅಥವಾ ಸೇರಿಸಬೇಕು. ಎರಡೂ ಗುಂಪಿಗೆ ಸಿಕ್ಕಿದ್ದು ಹಳೆಯ, ಅಗ್ಗದ ಔಷಧಿಗಳೇ. ದುಬಾರಿ ಬಯಾಲಜಿಕ್ ಇರಲಿಲ್ಲ. ಹದಿನೆಂಟು ತಿಂಗಳ ಮೇಲೆ ವಾಡಿಕೆಯ ಗುಂಪಿನಲ್ಲಿ ರೆಮಿಶನ್ ಮುಟ್ಟಿದವರು ಶೇ 16. ಎಣಿಸಿದ ಗುಂಪಿನಲ್ಲಿ ಶೇ 65. ಒಟ್ಟು ಖರ್ಚು ಹೆಚ್ಚಾಗಲಿಲ್ಲ.

ಬ್ಯಾರನ್ ಕಾಯುವವರಿಗೆ ಇದು ಆಶ್ಚರ್ಯವೆನಿಸಲಾರದು. ಸೊಪ್ಪು ಏರಿಸಿ ಬೆಂಕಿ ಹಾಕಿ, ವಾರ ಬಿಟ್ಟು ಬಂದು ನೋಡುವವರು ಯಾರೂ ಇಲ್ಲ. ಐದಾರು ದಿನ ಹಗಲು ರಾತ್ರಿ ಥರ್ಮಾಮೀಟರ್ ನೋಡುತ್ತಾ, ಎಲೆ ಹಳದಿಗೆ ತಿರುಗಿತೇ, ನಡುದಂಟು ಒಣಗಿತೇ ಎಂದು ಗಮನಿಸುತ್ತಾ ಶಾಖವನ್ನು ಹಂತಹಂತವಾಗಿ ಏರಿಸುತ್ತಾರೆ. ಸೌದೆ ಅದೇ, ನೋಡಿ ಹಾಕಿದವರ ಸೊಪ್ಪಿಗೂ ನೋಡದೆ ಹಾಕಿದವರ ಸೊಪ್ಪಿಗೂ ಹರಾಜಿನಲ್ಲಿ ಸಿಗುವ ಬೆಲೆ ಬೇರೆ.

ಅಗ್ಗದ ಔಷಧಿಗಳ ಬಲವನ್ನು ಇನ್ನೊಂದು ಪ್ರಯೋಗವೂ ಎತ್ತಿ ಹಿಡಿದಿದೆ. 2013ರಲ್ಲಿ ಪ್ರಕಟವಾದ ರಾಕಾಟ್ ಅಧ್ಯಯನದಲ್ಲಿ, ಮೆಥೊಟ್ರೆಕ್ಸೇಟ್ ಒಂದರಿಂದಲೇ ಗುಣ ಕಾಣದ 353 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಅದರ ಜೊತೆ ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಗಳನ್ನು ಸೇರಿಸಿದರು; ಉಳಿದವರಿಗೆ ಎಟನರ್ಸೆಪ್ಟ್ ಎಂಬ ಬಯಾಲಜಿಕ್ ಇಂಜೆಕ್ಷನ್. 24 ವಾರಕ್ಕೆ ಗುಣ ಕಾಣದವರನ್ನು ಇನ್ನೊಂದು ಚಿಕಿತ್ಸೆಗೆ ಬದಲಿಸಿದರು. 48 ವಾರದ ಕೊನೆಯಲ್ಲಿ ಮೂರು ಮಾತ್ರೆಗಳಿಂದ ಶುರುಮಾಡಿದವರು ಹಿಂದೆ ಬಿದ್ದಿರಲಿಲ್ಲ. ಬಯಾಲಜಿಕ್ ಬೇಡ ಎಂದು ಇದರ ಅರ್ಥವಲ್ಲ. ನಿಜವಾಗಿ ಬೇಕಾದವರಿದ್ದಾರೆ, ಅವರಿಗೆ ಅದು ಕೈಕಾಲು ಉಳಿಸುತ್ತದೆ. ಹೊಲ ಅಡವಿಟ್ಟು ಅದರಿಂದಲೇ ಆರಂಭಿಸಬೇಕಾಗಿಲ್ಲ ಎಂಬುದಷ್ಟೇ ಇದರ ಅರ್ಥ.

ಹಾಗಾದರೆ ಊತ ಇಳಿದ ಮೇಲಿನ ಮಾತ್ರೆಯ ಪ್ರಶ್ನೆ. ರೆಮಿಶನ್‌ನಲ್ಲಿ ನಿರೋಧಕ ವ್ಯವಸ್ಥೆ ತನ್ನ ತಪ್ಪನ್ನು ಮರೆತಿರುವುದಿಲ್ಲ, ಔಷಧಿ ಅದನ್ನು ಅದುಮಿ ಹಿಡಿದಿರುತ್ತದೆ. ನಾರ್ವೆಯ ವೈದ್ಯರು ಇದನ್ನು ನೇರವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಥೊಟ್ರೆಕ್ಸೇಟ್‌ನಂಥ ಹಳೆಯ ಔಷಧಿಗಳಲ್ಲಿ ಒಂದು ವರ್ಷದಿಂದ ರೆಮಿಶನ್‌ನಲ್ಲಿದ್ದವರನ್ನು ಆರಿಸಿ, ಕೆಲವರಿಗೆ ಅದೇ ಪ್ರಮಾಣ ಮುಂದುವರಿಸಿದರು, ಕೆಲವರಿಗೆ ಅರ್ಧಕ್ಕೆ ಇಳಿಸಿದರು. ಮುಂದಿನ ವರ್ಷದಲ್ಲಿ ಮುಂದುವರಿಸಿದವರಲ್ಲಿ ಸುಮಾರು ಶೇ 6 ಮಂದಿಗೆ ರೋಗ ಮರುಕಳಿಸಿತು, ಅರ್ಧಕ್ಕೆ ಇಳಿಸಿದವರಲ್ಲಿ ಸುಮಾರು ಶೇ 25 ಮಂದಿಗೆ. ಗಮನಿಸಿ, ಇವರು ನಿಲ್ಲಿಸಿದವರಲ್ಲ, ಅರ್ಧ ಮಾಡಿದವರು. ಅದೇ ಅಂಕಿಯನ್ನು ತಿರುಗಿಸಿಯೂ ಓದಬಹುದು: ಅರ್ಧಕ್ಕೆ ಇಳಿಸಿದ ನಾಲ್ವರಲ್ಲಿ ಮೂವರು ಆ ವರ್ಷ ಚೆನ್ನಾಗಿಯೇ ಇದ್ದರು. ಆದ್ದರಿಂದ 'ಜೀವನಪೂರ್ತಿ ಇಷ್ಟೇ ಮಾತ್ರೆ' ಎಂಬುದೂ ಪೂರ್ತಿ ನಿಜವಲ್ಲ. ಇಳಿಸುವುದಕ್ಕೆ ಕ್ರಮವಿದೆ. ಮೊದಲು ಸ್ಟೀರಾಯ್ಡ್ ಬಿಡಿಸಬೇಕು. ಆಮೇಲೆ, ತಿಂಗಳುಗಟ್ಟಲೆ ರೆಮಿಶನ್ ಗಟ್ಟಿಯಾಗಿ ನಿಂತರೆ, ಬಯಾಲಜಿಕ್ ಇದ್ದರೆ ಅದರ ಅಂತರ ಹೆಚ್ಚಿಸಬೇಕು. ಕೊನೆಗೆ ಮೆಥೊಟ್ರೆಕ್ಸೇಟ್ ಸ್ವಲ್ಪ ಸ್ವಲ್ಪವೇ. ಪ್ರತಿ ಹಂತದಲ್ಲೂ ಕೀಲು ಎಣಿಸುತ್ತಿರಬೇಕು. ರೋಗಿಯೇ ಒಂದು ದಿನ ಡಬ್ಬಿ ಮುಚ್ಚಿಟ್ಟರೆ ಈ ಯಾವುದೂ ನಡೆಯುವುದಿಲ್ಲ.

ರೆಮಿಶನ್ ಮುಟ್ಟಿದ ಮೇಲೂ ನೋವು ಉಳಿಯುವವರಿದ್ದಾರೆ. ಚಿಕಿತ್ಸೆ ತಡವಾಗಿ ಕೀಲು ಮೊದಲೇ ಹಾಳಾಗಿದ್ದರೆ ಆ ನೋವು ಕೀಲಿನ ಸವೆತದ್ದು. ನಿದ್ದೆಗೆಟ್ಟು ಮೈಯೆಲ್ಲ ನೋಯುವ ಬೇರೆ ತೊಂದರೆಯೂ ಇರಬಹುದು. ಅದಕ್ಕೆ ಸಂಧಿವಾತದ ಔಷಧಿಯನ್ನೇ ಏರಿಸುತ್ತಾ ಹೋದರೆ ಅಡ್ಡಪರಿಣಾಮವೇ ಗತಿ. ಇಲ್ಲೂ ಬೇಕಾದದ್ದು ಕೈಯಿಂದ ಮುಟ್ಟಿ ಊತ ಇದೆಯೇ ಎಂದು ನೋಡುವುದು.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಅನ್ನಿಸುವುದು ಇದು. ಕಟ್ಟೆಮಳಲವಾಡಿಯ ರೋಗಿಗೆ ಕಡಿಮೆ ಬಿದ್ದಿರುವುದು ಔಷಧಿಗಿಂತ ಹೆಚ್ಚಾಗಿ ಎಣಿಸುವ ಕೈ. ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಆದರೆ ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರು, ಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಸೊಪ್ಪು ಮುರಿಯುವ ಕಾಲದಲ್ಲಿ ಮೈಸೂರಿಗೆ ಹೋಗುವುದೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬಂದವರ ಕೂಲಿ. ತಿಂಗಳಿಗೊಮ್ಮೆ ಎಂಬ ಗ್ಲಾಸ್ಗೋದ ಕ್ರಮ ಅಲ್ಲೇ ಮುರಿದುಬೀಳುತ್ತದೆ. ಸರ್ಕಾರದ ಆರೋಗ್ಯ ವಿಮೆಗಳು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚನ್ನು ನೋಡಿಕೊಳ್ಳುತ್ತವೆ. ಹಾಸಿಗೆಗೆ ಸೇರದೆ, ಬಂದು ಹೋಗುತ್ತಾ ಗುಣವಾಗಬೇಕಾದ ಈ ರೋಗಕ್ಕೆ ಆ ಅಳತೆ ಹೊಂದುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆ ನೋಡಲು ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಇದೆ. ಅಲ್ಲಿ ಕೀಲಿಗೂ ಒಂದು ಪುಟ ತೆರೆಯಬಹುದು. ತಜ್ಞರು ಮೈಸೂರಿನಲ್ಲಿ ರೋಗ ಗುರುತಿಸಿ ಔಷಧಿ ಬರೆದುಕೊಡಲಿ. ನಡುವಿನ ತಿಂಗಳುಗಳಲ್ಲಿ ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ 28 ಕೀಲು ಎಣಿಸಿ, ರಕ್ತಪರೀಕ್ಷೆ ಮಾಡಿ, ಅಂಕ ಏರಿದ್ದರೆ ಫೋನಿನಲ್ಲಿ ತಜ್ಞರನ್ನು ಕೇಳಿ ಮಾತ್ರೆ ಸರಿಪಡಿಸಲಿ. ತಾಲ್ಲೂಕಿನ ವೈದ್ಯರಿಗೆ ಈಗಿರುವ ಹೊರೆಯೇ ಸಾಕಾಗಿದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಎಣಿಸುವ ಕೆಲಸಕ್ಕೆ ವೈದ್ಯರೇ ಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ತರಬೇತಿ ಪಡೆದ ನರ್ಸ್‌ಗಳು ಇಂಥ ರೋಗಿಗಳನ್ನು ನೋಡಿಕೊಂಡಾಗ ಫಲಿತಾಂಶ ತಜ್ಞ ವೈದ್ಯರು ನೋಡಿಕೊಂಡದ್ದಕ್ಕಿಂತ ಕಡಿಮೆಯಾಗಲಿಲ್ಲ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ನಮ್ಮ ಸ್ಟಾಫ್ ನರ್ಸ್‌ಗಳಿಗೆ ಕೀಲು ಎಣಿಸುವುದನ್ನು ಕಲಿಸಲು ಹೆಚ್ಚು ಸಮಯ ಬೇಕಾಗದು. ಔಷಧಿ ಏರಿಸುವ ಇಳಿಸುವ ತೀರ್ಮಾನ ಮಾತ್ರ ವೈದ್ಯರ ಬಳಿಯೇ ಇರಬೇಕು, ಮತ್ತು ರಕ್ತಪರೀಕ್ಷೆ ನಡೆಯದ ಕಡೆ ಮೆಥೊಟ್ರೆಕ್ಸೇಟ್ ಹಂಚಲು ಹೊರಡಬಾರದು.